ಅಧಿಕ ಮಾಸದ ಯಜಮಾನಿ

ಮಸ್ಕಿ ಬಸ್‌ಸ್ಟ್ಯಾಂಡಿನ್ಯಾಗ ಬಸ್ಸು ನಿಂತ್ರ ಸಾಕು, ನಾ ಸೆರಗು ಮೂಗಿಗೆ ಹಿಡಕೊಂತೀನಿ. ಮೊನ್ನೆನೂ ಹಂಗ ಆತು. ಹಟ್ಟಿಯಾಗ ನಮ್ಮ ತವರಿನವರ ಮದುವಿ ಮುಗಿಸಿಕೊಂಡು ವಾಪಸ್ ಬರಾಕತ್ತಿದ್ದೆ. ಡ್ರೈವರ್ ಚಾ ಕುಡಿಯಾಕ ಇಳದ. ಕಿಡಕಿಯಾಗಿಂದ ಮಿರ್ಚಿ ಕರಿಯೋ ಎಣ್ಣಿ ವಾಸನಿ, ಅದರ ಹಿಂದ ಗ್ವಾಡಿ ಮೂಲ್ಯಾಗಿನ ಉಚ್ಚಿ ವಾಸನಿ, ಎರಡೂ ಕೂಡಿ ಮಾರಿಗೆ ಬಡದ್ವು. ಸೆರಗು ಇನ್ನಷ್ಟು ಬಿಗಿ ಹಿಡದು ಬಗ್ಗಿ ಕುಂತೆ. ಬಾಜೂಕ ಕುಂತಾಕಿ "ಯಾಕ ಬೇ, ವಾಂತಿ ಬರಾಕತ್ತೈತೇನು? ನಿಂಬಿಹಣ್ಣು ಕೊಡ್ಲೇನು?" ಅಂದ್ಲು. ಹೂಂ ಅಂತ ಇಸಗೊಂಡೆ. ಏನಂತ ಹೇಳ್ಲಿ ಆಕೀಗೆ? ಇದ ಬಸ್‌ಸ್ಟ್ಯಾಂಡಿನ್ಯಾಗ ನಾವು ನನ್ನ ಗಂಡನ್ನ ಹೆತ್ತ ತಾಯಿನ್ನ ಪಾರ್ಸಲ್ ಕೊಟ್ಟಂಗ ಕೊಡೋದು, ತಗೊಳ್ಳೋದು ಮಾಡತಿದ್ವಿ ಅಂತ ಹೇಳ್ಲಿ?

ನಾನು ಗೊರೇಬಾಳದ ಹುಲಿಗೆಮ್ಮ. ಕಾಲುವಿ ನೀರಿನ ಊರು ನಮ್ದು. ಎಲ್ಲಿ ನೋಡಿದ್ರೂ ಭತ್ತದ ಗದ್ದಿ, ಆದ್ರ ನಮ್ಮ ಹೆಸರಿಗೆ ಒಂದು ಗುಂಟೆನೂ ಇಲ್ಲ. ನಾನು ಮಂದಿ ಗದ್ದ್ಯಾಗ ನಾಟಿ ಹಚ್ಚತೀನಿ. ನನ್ನ ಗಂಡ ದುರುಗಪ್ಪ ಸಿಂಧನೂರಿನ ಒಂದು ಅಕ್ಕಿ ಮಿಲ್ಲಿನ್ಯಾಗ ಹಮಾಲಿ ಮಾಡತಾನ. ಅವನ ಅಣ್ಣ ಅಮರಪ್ಪ ಲಿಂಗಸುಗೂರಿನ್ಯಾಗ ಟೆಂಪೋ ಹೊಡಿತಾನ. ಮಾವ ತೀರಿಕೊಂಡ ಮ್ಯಾಲ ಈ ಅಣ್ಣ ತಮ್ಮ ಬ್ಯಾರಿ ಆದ್ರು. ಆಗಿನ ಚಂದ ಏನ್ ಕೇಳತೀರಿ! ಹಂಡೇವು ಪಾಲಾತು, ಎಮ್ಮಿ ಮಾರಿದ ರೊಕ್ಕ ಪಾಲಾತು, ಬೀಸೋ ಕಲ್ಲಿನ ಮ್ಯಾಲಿನ ಬಿಲ್ಲಿ ಯಾರಿಗೆ, ಕೆಳಗಿಂದು ಯಾರಿಗೆ ಅನ್ನೋತನಕ ಬಂತು ಮಾತು. ಕಡೀಕ ಉಳದಾಕಿ ನಮ್ಮತ್ತಿ ಯಂಕಮ್ಮ. ಆಕಿನ್ನೂ ಪಾಲು ಮಾಡಿದ್ರು. ಚೈತ್ರ ಲಿಂಗಸುಗೂರು, ವೈಶಾಖ ಗೊರೇಬಾಳ, ಜ್ಯೇಷ್ಠ ಮತ್ತ ಲಿಂಗಸುಗೂರು, ಹಿಂಗ ತಿಂಗಳಿಗೊಂದು ಪಾಳಿ. ಅಮಾಸಿ ಮರುದಿನ ನಾವು ಈ ಕಡಿಯಿಂದ ಬಸ್ಸು ಹತ್ತೋದು, ಅವರು ಆ ಕಡಿಯಿಂದ ಹತ್ತೋದು, ನಡುವ ಮಸ್ಕಿಯಾಗ ಮುದುಕಿನ್ನ ಒಪ್ಪಿಸೋದು. ಪೂರ್ತಿ ದಾರಿ ಹೋದ್ರ ಹಾದಿ ಖರ್ಚು ಒಬ್ಬರ ತಲಿಮ್ಯಾಲ ಬೀಳತೈತಲ್ಲ, ಅದಕ್ಕ ಈ ಶಾಣ್ಯಾತನ.

ಒಪ್ಪಿಸೋವಾಗ ಅಣ್ಣ ತಮ್ಮ ಅವ್ವನ ಮಾರಿ ಸುದ್ದಾ ನೋಡತಿದ್ದಿಲ್ಲ. "ಬಿ.ಪಿ. ಗುಳಿಗಿ ಮುಗದಾವ, ನೀನ ಕೊಡಿಸು" ಅನ್ನಾಂವ ನನ್ನ ಗಂಡ. "ಮುಗಿಯೂತನಕ ಕಾದು ಕರಕೊಂಡು ಬಂದೀಯಲ್ಲಲೇ" ಅನ್ನಾಂವ ಅವ. ಆಕಿ ಪಾಪ ಇಬ್ಬರ ನಡುವ ಕಲ್ಲಿನ ಕಟ್ಟಿ ಮ್ಯಾಲ ಕುಂತು, ಹಾದು ಹೋಗೋ ಮಂದಿನ್ನ ನೋಡಿಕೊಂತ, ಏನೂ ಕೇಳಿಸಲಾರದಂಗ ಇರತಿದ್ಲು.

ಇಷ್ಟೆಲ್ಲಾ ಪಾಲು ಮಾಡಿದ ಶಾಣ್ಯಾರು ರೇಷನ್ ಕಾರ್ಡು ಒಂದು ಪಾಲು ಮಾಡೋದು ಬಿಟ್ಟಿದ್ರು. ಬ್ಯಾರಿ ಮಾಡಿಸಾಕ ಹೋದ್ರ ಅಕ್ಕಿ ನಿಲ್ಲತೈತಿ ಅಂತ ಯಾರೋ ಹೆದರಿಸಿದ್ರು, ಹಂಗ ಕೈ ಬಿಟ್ವಿ. ಮ್ಯಾಲ ಅತ್ತಿ ಹೆಸರು, ಕೆಳಗ ನಮ್ಮೆಲ್ಲಾರದು. ನಾನ ಅಕ್ಕಿ ಎತ್ತಿ ಅರ್ಧ ಲಿಂಗಸುಗೂರಿಗೆ ಕಳಿಸತಿದ್ದೆ, ಅದಕ್ಕ ಕಾರ್ಡು ನನ್ನ ಕಡೆ ಇತ್ತು.

ಆ ವರ್ಷ ಆಷಾಢ ನಮ್ಮ ಪಾಳಿ, ಶ್ರಾವಣ ಅವರದು. ಆದ್ರ ನಡುವ ಅಧಿಕ ಶ್ರಾವಣ ಬಂದು ಕುಂತಿತು. ಮಂದಿ ಅಧಿಕ ಮಾಸ ಬಂದ್ರ ಅಳಿಯಂದ್ರನ್ನ ಕರದು ಹೋಳಿಗಿ ಉಣಿಸತಾರ. ನಮ್ಮವರು ಮಸ್ಕಿಯಾಗ ನಿಂತು, ಈ ಹೆಚ್ಚಿನ ತಿಂಗಳು ಅವ್ವಗ ಕೂಳು ಹಾಕೋರು ಯಾರು ಅಂತ ತಕರಾರು ತಗದ್ರು.

"ಶ್ರಾವಣ ಅಂದ್ರ ನಿಂದು. ಅಧಿಕ ಇರ್ಲಿ, ನಿಜ ಇರ್ಲಿ, ಕರಕೊಂಡು ನಡಿ" ಅಂದ ನನ್ನ ಗಂಡ.

"ಅಧಿಕ ಮಾಸ ಲೆಕ್ಕಕ್ಕ ಬರಂಗಿಲ್ಲಲೇ ತಮ್ಮಾ. ಮದುವಿ ಮುಂಜಿವಿಗೆ ಹಿಡಿತಾರೇನು ಅದನ್ನ? ನಿನ್ನ ಕಡೇನ ಇರ್ಲಿ" ಅಂದ ಅಮರಪ್ಪ. ಪಂಚಾಂಗ ಕಲತಾವ ಬಂದ ನೋಡ್ರಿ! ಅಮಾಸಿ ಯಾವತ್ತು ಅಂತ ಹೆಂಡ್ತಿನ್ನ ಕೇಳಿ ತಿಳಕೊಳ್ಳಾಂವ ಅವ.

ಜಿಟಿಜಿಟಿ ಮಳಿ ಹತ್ತಿತ್ತು. ಲಿಂಗಸುಗೂರು ಬಸ್ಸು ಬಂತು, ಅಮರಪ್ಪ ಹತ್ತಿ ಹೋದ. ಸಿಂಧನೂರು ಬಸ್ಸು ಬಂತು, ನನ್ನ ಗಂಡ ಹತ್ತಿ ಕುಂತು "ಬಾ, ಬಾ, ಆಕಿನ್ನ ಅಲ್ಲೇ ಬಿಡು. ಹೆಂಗಿದ್ರೂ ಅಣ್ಣ ವಾಪಸ್ ಬಂದು ಕರಕೊಂಡು ಹೋಗತಾನ" ಅಂದ. ನಾ ಬಸ್ಸಿನ ಮೆಟ್ಟಲ ಮ್ಯಾಲ ಒಂದು ಕಾಲಿಟ್ಟಾಕಿ ಹಂಗ ನಿಂತೆ. ಆಕಿ ನನ್ನ ಕಡೆ ನೋಡಲಿಲ್ಲ. ಕಾಲ ಮ್ಯಾಲ ಮಳಿ ಬೀಳಾಕತ್ತಿತ್ತು, ಅದನ್ನೂ ನೋಡಲಿಲ್ಲ. ಇಳದು ಹೋಗಿ ರಟ್ಟಿ ಹಿಡದು ಎಬ್ಬಿಸಿ ಬಸ್ಸು ಹತ್ತಿಸಿದೆ. ಗೊರೇಬಾಳ ಬರೂತನಕ ಗಂಡಗ ಬಾಯಿಗೆ ಬಂದಂಗ ಬೈದೆ. ಕಂಡಕ್ಟರ್ ಟಿಕೇಟು ಕೊಡೋದು ಬಿಟ್ಟು ಕೇಳಾಕತ್ತಿದ್ದ, ಕೇಳ್ಲಿ ಬಿಡು ಅಂದೆ.

ಅದ ತಿಂಗಳು ಎಲ್ಲಾ ಕಡೆ ಒಂದ ಸುದ್ದಿ. ಮನಿ ಯಜಮಾನಿಗೆ ಸರ್ಕಾರ ತಿಂಗಳಾ ಎರಡು ಸಾವಿರ ಹಾಕತೈತಂತ. ಅತ್ತಿನ್ನ ಕರಕೊಂಡು ಸಿಂಧನೂರಿಗೆ ಹೆಸರು ಹಚ್ಚಿಸಾಕ ಹೋದೆ. ಪಾಳಿ ಭಾಳ ಉದ್ದ ಇತ್ತು. ನಮ್ಮ ಸರದಿ ಬಂದಾಗ ಕಂಪ್ಯೂಟರ್ ಮುಂದ ಕುಂತಾವ ಕಾರ್ಡು ನೋಡಿ "ಯಂಕಮ್ಮ, ಮನಿ ಯಜಮಾನಿ. ಯಾರವ್ವ?" ಅಂತ ಜೋರಾಗಿ ಕೇಳಿದ.

ನಮ್ಮತ್ತಿ "ಯಾವ ಮನಿಗೆಪ್ಪಾ?" ಅಂದ್ಲು.

ಹಿಂದ ನಿಂತ ಹೆಂಗಸರು ನಕ್ಕರು. ಆಕಿನೂ ನಕ್ಲು, ಕೆಮ್ಮು ಬರೂತನಕ ನಕ್ಲು. ನನಗ ನಗು ಬರಲಿಲ್ಲ. ಆಕಿ ಹೆಬ್ಬಟ್ಟು ಬ್ಯಾರೆ ಮಷೀನಿಗೆ ಹತ್ತಲೇ ಇಲ್ಲ. ವಯಸ್ಸಿನಾಗಿದ್ದಾಗಿಂದ ಕೆಸರಿನ್ಯಾಗ ನಾಟಿ ಹಚ್ಚಿ ಹಚ್ಚಿ ಗೆರಿ ಸವದು ಹೋಗ್ಯಾವ. ತೊಳಸಿ, ಸೆರಗಿಗೆ ವರಸಿ, ಮತ್ತ ಮತ್ತ ಒತ್ತಿಸಿದ ಮ್ಯಾಲ ಹಸರು ಲೈಟು ಬಂತು.

ಈಗ ನನ್ನ ಮಗಳ ಮಾತು ಹೇಳಬೇಕು. ರೇಣುಕಾ ಆ ವರ್ಷ ಹತ್ತನೇತ್ತಾ ಪಾಸಾಗಿದ್ಲು. ನರ್ಸ್ ಆಗತೀನಿ, ಅದಕ್ಕ ಸೈನ್ಸೇ ತಗೋಬೇಕು ಅಂತ ಹಟ. ಸರ್ಕಾರಿ ಕಾಲೇಜಿನ್ಯಾಗ ಸೀಟು ಸಿಗಲಿಲ್ಲ. ನನ್ನ ಕಿವ್ಯಾಗಿನ ಬೆಂಡವಾಲಿ ಮಾರಿ ಸಿಂಧನೂರಿನ ಒಂದು ಪ್ರೈವೇಟ್ ಕಾಲೇಜಿಗೆ ಹೆಸರು ಹಚ್ಚಿಸಿದ್ವಿ. ಉಳದಿದ್ದು ತಿಂಗಳಾ ಕಂತಿನ್ಯಾಗ ಕಟ್ಟತೀವಿ ಅಂತ ಕೈ ಮುಗದು ಬಂದಿದ್ದೆ. ನಾಟಿ ಗ್ಯಾಂಗಿನ ಮೇಸ್ತ್ರಿ "ಹುಡುಗಿ ಕೈ ಚುರುಕದಾವ, ಸುಮ್ನ ಗ್ಯಾಂಗಿಗೆ ಹಾಕು ಬೇ, ಇಬ್ಬರ ಕೂಲಿ ಬರತೈತಿ" ಅಂತ ಮನಿ ಮುಂದ ಬಂದು ಬಂದು ಹೇಳತಿದ್ದ. ನಮ್ಮಲ್ಲಿ ಒಮ್ಮೆ ಗ್ಯಾಂಗಿಗೆ ಇಳದ ಹುಡುಗಿ ಮತ್ತ ಸಾಲಿಗೆ ಹೋಗಿದ್ದು ನಾ ನೋಡಿಲ್ಲ. ನಾನೂ ಹಂಗ ಇಳದಾಕಿ.

ಕಷ್ಟ ಏನಂದ್ರ, ನಾಟಿ ರೊಕ್ಕ ಒಮ್ಮೆ ಬರತೈತಿ. ಕೈಯಾಗ ಬಿದ್ದ ಕೂಡ್ಲೆ ಕಿರಾಣಿ ಅಂಗಡಿ, ದವಾಖಾನಿ, ಒಂದು ಹಬ್ಬ, ಅಲ್ಲಿಗೆ ಖಲಾಸ್. ಆಮ್ಯಾಲ ಭತ್ತ ಬೆಳಿಯೂತನಕ ನಮಗೆಲ್ಲಿ ಕೆಲಸ? ಕಾಲೇಜಿನ ಕಂತು ಅದನ್ನೆಲ್ಲಾ ಕೇಳತೈತೇನು, ಅದು ತಿಂಗಳಾ ತಪ್ಪದ ಬರತೈತಿ. ತಿಂಗಳಾ ಬರೋ ಖರ್ಚಿಗೆ ತಿಂಗಳಾ ಬರೋ ರೊಕ್ಕ ಬೇಕು. ಸಣ್ಣದಿರ್ಲಿ, ಆದ್ರ ಬರಬೇಕು. ಇದು ನನಗ ಆ ವರ್ಷ ಬರೋಬ್ಬರಿ ತಿಳೀತು.

ಚಾದಂಗಡಿ ಮುಂದ ಮುಂಜಾನಿಯಿಂದ ಸಂಜಿತನ ಕುಂಡ್ರೋ ಗಂಡಸರಿಗೆ ಮಾತ್ರ ತಿಳೀಲಿಲ್ಲ. "ಪುಕ್ಕಟೆ ರೊಕ್ಕ ಬಂದು ಹೆಂಗಸರಿಗೆ ಸೊಕ್ಕು ಬಂದೈತಿ. ಇನ್ನ ನಾಟಿಗೆ ಯಾರು ಬರತಾರ?" ಅಂತ ಬೀಡಿ ಸೇದಿಕೊಂತ ನ್ಯಾಯ ಹೇಳೋರು. ಅವರ ಹೆಂಡಂದ್ರು ನನ್ನ ಬಾಜೂಕ ಗದ್ದ್ಯಾಗ ಬಗ್ಗಿ ನಿಂತಿರತಿದ್ರು. ಥೂ, ನಾಚಿಕಿ ಅನ್ನೋದು ಬ್ಯಾಡಾ?

ಅಧಿಕ ಮಾಸ ಮುಗಿಯೋದಕ್ಕ ಮೊದಲ ಅಮರಪ್ಪ ಟೆಂಪೋ ತಗೊಂಡು ಮನಿ ಮುಂದ ಬಂದ. ಬ್ಯಾರಿ ಆದಾಗಿಂದ ಅವ್ವನ್ನ ಕರಕೊಂಡು ಹೋಗಾಕ ಅವ ಗೊರೇಬಾಳಕ್ಕ ಬಂದಿದ್ದು ಅದ ಮೊದಲು. ಕೈಯಾಗ ಬಾಳಿಹಣ್ಣಿನ ಗೊನಿ. "ಅವ್ವಾ, ಸೊರಗೀಯಲ್ಲಬೇ! ಇಲ್ಲಿ ಉಣ್ಣಾಕ ಹಾಕ್ಯಾರೋ ಇಲ್ಲೋ?" ಅಂತ ಕಣ್ಣಾಗ ನೀರು ತಂದ. ನನ್ನ ಗಂಡನೂ ಕಮ್ಮಿ ಇಲ್ಲ. "ಅವ್ವಗ ಇಲ್ಲೇ ಹೊಂದೈತಿ, ಇನ್ನೊಂದು ತಿಂಗಳು ಇರ್ಲಿ ಬಿಡಣ್ಣಾ" ಅಂದ. ಬಸ್‌ಸ್ಟ್ಯಾಂಡಿನ್ಯಾಗ ಮಳ್ಯಾಗ ಬಿಟ್ಟು ಬರಾಕ ನಿಂತಾವ ಇವನ! ಇಬ್ಬರೂ ಅತ್ತಿಯ ಎಡಕ್ಕೊಬ್ಬ ಬಲಕ್ಕೊಬ್ಬ ಕುಂತು ಬೆಣ್ಣಿ ಹಚ್ಚಾಕತ್ತಿದ್ರು. ನನಗ ಎದ್ದು ಹೊರಗ ಹೋಗಿ ಉಗುಳಿ ಬರಬೇಕನಿಸಿತು, ಹೋಗಿ ಉಗುಳಿನೂ ಬಂದೆ.

ನಿಜ ಶ್ರಾವಣ ಅವನ ಪಾಳಿ, ಕರಕೊಂಡು ಹೋದ. ಸರ್ಕಾರದ ಮೊದಲನೇ ಕಂತು ಅಲ್ಲೇ ಬಂತು. ಅಂಗಡಿ ಮಷೀನಿಗೆ ಆಕಿ ಹೆಬ್ಬಟ್ಟು ಒತ್ತಿಸಿ ರೊಕ್ಕ ತಗದು ಟೆಂಪೋಕ್ಕ ದೊಡ್ಡ ಹಾಡಿನ ಡಬ್ಬಿ ಕೂಡಿಸಿದ. ಭಾದ್ರಪದದಾಗ ನಮ್ಮ ಕಡೆ ಬಂದ್ಲು. ರೊಕ್ಕ ಬಂದ ದಿವಸ ನನ್ನ ಗಂಡ ಅಂಗಿ ಹಾಕಿಕೊಂಡು ತಯಾರಾಗಿ ನಿಂತಿದ್ದ. ಆಕಿ ಅವನ್ನ ಬಿಟ್ಟು ರೇಣುಕಾನ್ನ ಕರಕೊಂಡು ಹೋದ್ಲು. ತಗದ ರೊಕ್ಕ ಅಲ್ಲೇ ಮೊಮ್ಮಗಳ ಕೈಯಾಗಿಟ್ಟು, "ಹೋಗಿ ಕಟ್ಟು. ಇನ್ನ ಈ ರೊಕ್ಕ ನಿನ್ನ ಸಾಲಿಗೆ. ನಿಮ್ಮಪ್ಪ ಕೇಳಿದ್ರ ನನ್ನ ಕಡೆ ಕಳಿಸು" ಅಂದ್ಲಂತ. ರೇಣುಕಾ ಮನಿಗೆ ಬಂದು ಹೇಳೋವಾಗ ಕುಣಿಯೋದೊಂದು ಬಾಕಿ. ನನ್ನ ಗಂಡ ಅಂಗಿ ಬಿಚ್ಚಿ ಮೊಳಿಗೆ ಹಾಕಿ, ಉಣ್ಣಲಾರದ ಮಲಗಿದ. ಮಲಗಲಿ ಅಂದೆ.

ಆಶ್ವೀಜಕ್ಕ ಆಕಿ ಮತ್ತ ಲಿಂಗಸುಗೂರಿಗೆ ಹೋದ್ಲು. ಕಾರ್ತೀಕ ಹತ್ತಿತು, ನಾವು ಮಸ್ಕಿಗೆ ಹೋಗಿ ನಿಂತ್ವಿ. ಅಮರಪ್ಪ ಬರಲಿಲ್ಲ. ಫೋನ್ ಮಾಡಿದ್ರ "ಅವ್ವಗ ಜರಾ ಹುಷಾರಿಲ್ಲ, ಮುಂದಿನ ತಿಂಗಳು ನೋಡೂನು" ಅಂದ. ಮುಂದಿನ ತಿಂಗಳೂ ಹೋತು. ಕಾಲೇಜಿನ್ಯಾಗ ಕಂತು ನಿಂತಿತು. ಅರ್ಧ ವರ್ಷದ ಪರೀಕ್ಷೆ ದಿವಸ ರೇಣುಕಾನ್ನ ಹೊರಗ ನಿಂದ್ರಿಸಿದ್ರಂತ. ವರಾಂಡದಾಗ ನಿಂತು ಕಿಡಕಿಯಾಗಿಂದ ಗೆಳತಿಯರು ಬರಿಯೋದು ನೋಡಿ ಬಂದಾಳ. ಬಂದಾಕಿ ಅಳಲಿಲ್ಲ. ಯೂನಿಫಾರ್ಮ್ ತೊಳದು, ಮಡಚಿ, ಟ್ರಂಕಿನ ತಳಕ್ಕ ಇಟ್ಟು, "ಯವ್ವಾ, ಎರಡನೇ ಬೆಳಿ ನಾಟಿಗೆ ಮೇಸ್ತ್ರಿಗೆ ನನ್ನ ಹೆಸರು ಹೇಳು" ಅಂದ್ಲು.

ಗಂಡಗ "ನಡಿ, ಲಿಂಗಸುಗೂರಿಗೆ ಹೋಗೂನು" ಅಂದೆ. "ಅಣ್ಣನ ಮುಂದ ನಾ ಹ್ಯಾಂಗ ಬಾಯಿ ತಗಿಲಿ? ಇಜ್ಜತ್ ಏನು ಉಳಿತೈತಿ?" ಅಂದ. ಇಜ್ಜತ್ ಅಂತ! ಅದೆಲ್ಲಿಟ್ಟೀಯೋ ಹುಡುಕಿ ತಂದು ತೋರಸು ಅಂದೆ, ಚಪ್ಪಲಿ ಮೆಟ್ಟಿಕೊಂಡು ಒಬ್ಬಾಕೇನ ಹೋದೆ.

ಅಮರಪ್ಪನ ಮನಿ ಪಡಸಾಲ್ಯಾಗ ನಾ ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂಗೈತಿ. ನಮ್ಮತ್ತಿ ಗ್ವಾಡಿಗೆ ಆತು ಕುಂತಾಳ. ಅಮರಪ್ಪನ ಹೆಂಡ್ತಿ ಗಂಗಮ್ಮ ಆಕಿ ಬಲಗೈ ತನ್ನ ತೊಡಿಮ್ಯಾಲ ಇಟಗೊಂಡು, ಹಿಮ್ಮಡಿ ತಿಕ್ಕೋ ಕಲ್ಲಿನಿಂದ ಹೆಬ್ಬಟ್ಟು ತಿಕ್ಕಾಕತ್ತಾಳ. ಬಾಜೂಕ ಬಟ್ಟಲದಾಗ ಬಿಸಿ ಹಾಲು. ಹೆಬ್ಬಟ್ಟಿನ ಚರ್ಮ ಕೆಂಪಗ ಸುಲದು, ಮುಟ್ಟಿದ್ರ ರಕ್ತ ಬರೋ ಹಂಗ ಆಗೈತಿ.

"ಏನ್ ಮಾಡಾಕತ್ತೀ ಬೇ ಗಂಗಿ?" ಅಂತ ಚೀರಿದೆ.

"ಎರಡು ತಿಂಗಳಾತು ನೋಡು ಹುಲಿಗೆಮ್ಮಾ, ಮಷೀನಿಗೆ ಹತ್ತವಲ್ಲದು. ಎಲ್ಲಾ ಅಂಗಡಿ ತಿರುಗಿದ್ವಿ. ಹಾಲಿನ್ಯಾಗ ನೆನಸಿ ತಿಕ್ಕಿದ್ರ ಗೆರಿ ಮ್ಯಾಲ ಬರತಾವಂತ" ಅಂದ್ಲು, ತಲಿ ಬಾಚಾಕತ್ತೀನಿ ಅಂದಂಗ.

ಕಲ್ಲು ಕಸಗೊಂಡು ಅಂಗಳಕ್ಕ ಒಗದೆ. ಕೆಟ್ಟ ಕೆಟ್ಟ ಮಾತು ಬಂದ್ವು ನನ್ನ ಬಾಯಾಗ, ಅವನ್ನ ಇಲ್ಲಿ ಹೇಳಾಕ ಬರಂಗಿಲ್ಲ. ಗದ್ದಲ ಕೇಳಿ ಅಮರಪ್ಪ ಒಳಗಿಂದ ಬಂದ, ಓಣಿ ಮಂದಿ ಬಾಗಿಲಿಗೆ ಬಂದು ನಿಂತ್ರು. "ಕಾರ್ಡಿನ್ಯಾಗ ನಂದೂ ಹೆಸರೈತಿ. ಅರ್ಧ ನನ್ನ ಹಕ್ಕು. ರೊಕ್ಕ ಬಂದ ಮ್ಯಾಲ ಮುದುಕಿನ್ನ ಕರಕೊಂಡು ಹೋಗು" ಅಂದ.

ಆಗ ಅತ್ತಿ ಎದ್ಲು. ನನ್ನ ಭುಜ ಹಿಡಕೊಂಡು, "ನಡಿಯವ್ವಾ, ಗೊರೇಬಾಳಕ್ಕ ಹೋಗೂನು. ಇನ್ನ ಪಾಳಿಗೀಳಿ ಏನೂ ಬ್ಯಾಡ. ಹುಡುಗಿ ಎಲ್ಲಿ ಓದತಾಳೋ ಅಲ್ಲೇ ಇರತೀನಿ" ಅಂದ್ಲು.

"ಹೋದ್ರ ಹಂಗ ಹೋಗಿಬಿಡು! ಹಿರೇಮಗ ನಾನು. ನಾಳೆ ಸತ್ರ ನಿನ್ನ ಮಣ್ಣಿಗೆ ಸುದ್ದಾ ಬರಂಗಿಲ್ಲ, ತಿಳಕೋ" ಅಂತ ಅಮರಪ್ಪ ಓಣಿಗೆಲ್ಲಾ ಕೇಳೋ ಹಂಗ ಒದರಿದ. ಬಾಗಿಲಾಗ ನಿಂತ ಹೆಂಗಸರು ಬಾಯಿಮ್ಯಾಲ ಕೈ ಇಟಗೊಂಡ್ರು. ತಾಯಿಗೆ ಅದಕ್ಕಿಂತ ದೊಡ್ಡ ಮಾತು ಇಲ್ಲ ನಮ್ಮ ಕಡೆ.

ಆಕಿ ಹೊಸ್ತಿಲಾ ದಾಟಿದಾಕಿ ಹೊಳ್ಳಿ ನೋಡಿದ್ಲು. "ಸತ್ತ ಮ್ಯಾಲ ರೊಕ್ಕ ಬರಂಗಿಲ್ಲಲ್ಲೋ ಅಮರಾ. ನೀ ಹ್ಯಾಂಗಿದ್ರೂ ಬರತಿದ್ದಿಲ್ಲ ಬಿಡು" ಅಂದ್ಲು. ಸಿಟ್ಟಿನಿಂದ ಅನ್ನಲಿಲ್ಲ. ಸಂತಿಗೆ ಹೋಗಿ ಬರತೀನಿ ಅನ್ನೋ ಹಂಗ ಅಂದ್ಲು.

ಬಸ್ಸಿನ್ಯಾಗ ಆಕಿ ಕೈಗೆ ನನ್ನ ಕರವಸ್ತ್ರ ಸುತ್ತಿದೆ. "ಸುಡುಗಾಡು ಹೆಬ್ಬಟ್ಟು, ಯಾಕ ಹತ್ತಲಿಲ್ಲತ್ತಿ?" ಅಂದೆ. ಆಕಿ ಅಕ್ಕಪಕ್ಕ ನೋಡಿ ಸಣ್ಣ ದನಿಲ್ಲೆ, "ಯಾವ ಕೈ ಹಿಡದ್ರೂ ಓರೆ ಒತ್ತತಿದ್ದೆ. ಬರೇ ಉಗುರು ಬದಿ. ಹಾಡಿನ ಡಬ್ಬಿಗೆ ಒತ್ತಲೇನು ನಾ?" ಅಂದ್ಲು. ಎರಡು ತಿಂಗಳು ಚರ್ಮ ಸುಲಿಸಿಕೊಂಡಾಳ, ಒಂದು ಮಾತು ಆಡಿಲ್ಲ! ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಮನಿಗೆ ಸುದ್ದಾ ಹೋಗಲಿಲ್ಲ. ಸಿಂಧನೂರಿನ್ಯಾಗ ಇಳದ ಕೂಡ್ಲೆ ಮಷೀನ್ ಅಂಗಡಿಗೆ ನಡದ್ಲು. ಬಲಗೈ ಹುಣ್ಣಾಗಿತ್ತಲ್ಲ, ಎಡಗೈ ಹೆಬ್ಬಟ್ಟು ನೆಟ್ಟಗ ಒತ್ತಿದ್ಲು, ಒಮ್ಮೆಗೇ ಹತ್ತಿತು. ಅಂಗಡಿಯಾವ ಒಂದಿಷ್ಟು ಮುರಕೊಂಡ, ಬೆರಳು ಹಿಡದಿದ್ದಕ್ಕ ಕೂಲಿ ಅಂತ. ಎಲ್ಲಾ ಕಡೆ ತಿನ್ನೋರ. ಉಳದದ್ದು ಕಾಲೇಜಿಗೆ ಒಯ್ದು ಕಟ್ಟಿದ್ವಿ. ಗುಮಾಸ್ತ ಮೊದಲ ಮೂಗು ಮುರದ, ಆಮ್ಯಾಲ "ಬಿಟ್ಟುಹೋದ ಪರೀಕ್ಷೆ ಬ್ಯಾರೆ ದಿವಸ ಬರೀಲಿ" ಅಂದ. ರೇಣುಕಾ ಟ್ರಂಕಿನಿಂದ ಯೂನಿಫಾರ್ಮ್ ತಗದು ಇಸ್ತ್ರಿ ಮಾಡಿದ್ಲು. ಮೇಸ್ತ್ರಿಗೆ ನಾ ಹೋಗಿ, ನನ್ನ ಮಗಳ ಹೆಸರು ಇನ್ನ ನಿನ್ನ ಬಾಯಾಗ ಬರಬಾರದು ಅಂತ ಹೇಳಿ ಬಂದೆ.

ಅಲ್ಲಿಂದ ಕಂತು ತಪ್ಪಲಿಲ್ಲ. ರೇಣುಕಾ ಆ ವರ್ಷ ಪಾಸಾದ್ಲು, ಮುಂದಿನ ವರ್ಷನೂ ಆದ್ಲು, ಈಗ ನರ್ಸಿಂಗ್ ಓದಾಕತ್ತಾಳ. ನನ್ನ ಗಂಡ ಅದ ಚಾದಂಗಡಿ ಮುಂದ ಕುಂತು "ಮಗಳನ್ನ ಓದಿಸಾಕ ಎದಿಗಾರಿಕಿ ಬೇಕ್ರೀ" ಅಂತ ಭಾಷಣ ಮಾಡತಾನಂತ. ಅಮರಪ್ಪನೂ ಒಮ್ಮೆ ಫೋನ್ ಮಾಡಿ "ನಮ್ಮ ಮನಿತನಕ್ಕ ಹೆಸರು ತಂದ್ಲು" ಅಂದ. ಕೇಳಿ ಕೇಳಿ ನನಗ ವಾಕರಿಕಿ ಬಂದೈತಿ.

ಆದ್ರ ಆ ವರ್ಷ ಅಂದ್ರ ನನಗ ಮೊದಲ ನೆನಪಾಗೋದು ಪಾಸಾದ ಸುದ್ದಿ ಅಲ್ಲ. ವರ್ಷದ ಪರೀಕ್ಷೆ ಇನ್ನಾ ಮುಂದಿತ್ತು. ಯಾಕೋ ಆ ಸಲ ಸರ್ಕಾರದ ರೊಕ್ಕ ಬರೋದು ತಡಾ ಆತು. ಎರಡನೇ ಬೆಳಿ ನಾಟಿ ನಡದಿತ್ತು, ನನ್ನ ಕೂಲಿಯಾಗ ಕಂತು ಕಟ್ಟಿದೆ, ಮನ್ಯಾಗ ಅದರ ಮಾತು ಸುದ್ದಾ ತಗೀಲಿಲ್ಲ. ಅದ ದಿವಸದಾಗ ಅತ್ತಿ ಉಣ್ಣೋದು ಕಡಿಮಿ ಮಾಡಿದ್ಲು. ಹುಷಾರಿಲ್ಲೇನೋ ಅಂತ ದವಾಖಾನಿಗೆ ಕರಕೊಂಡು ಹೋದೆ, ಏನೂ ಆಗಿಲ್ಲ ಅಂದ್ರು. ಒಂದು ಮುಂಜಾನಿ ನಾ ರೊಟ್ಟಿ ಬಡಿಯಾಕತ್ತಿದ್ದೆ. ರೇಣುಕಾ ಕಾಲೇಜಿಗೆ ತಯಾರಾಗಿ ಬಾಜೂಕ ಕುಂತು ಉಣ್ಣಾಕತ್ತಿದ್ಲು. ಅತ್ತಿ ತಾಟಿನ್ಯಾಗಿನ ಅರ್ಧ ರೊಟ್ಟಿ ಮುಗದಿತ್ತು, ಬೆರಳು ನೆಕ್ಕಿಕೊಂತ ಕುಂತಿದ್ಲು. ಬಿಸೀದೊಂದು ಹಾಕಾಕ ಹೋದೆ, ತಾಟಿನ ಮ್ಯಾಲ ಕೈ ಅಡ್ಡ ಹಿಡದ್ಲು.

"ಯಾಕತ್ತಿ, ಹಸಿವಿಲ್ಲೇನು?"

"ಹಸಿವು ಐತವ್ವಾ" ಅಂದ್ಲು. "ಈ ತಿಂಗಳ ರೊಕ್ಕ ಇನ್ನಾ ಬಂದಿಲ್ಲಲ್ಲ."

ಆಕಿ ಕೈ ಸರಿಸಿ ಬಿಸಿ ರೊಟ್ಟಿ ತಾಟಿಗೆ ಹಾಕಿದೆ. ಹಂಚಿನ ಮ್ಯಾಲಿಂದು ಹೊತ್ತಿ ಕರ್ರಗಾಗಿತ್ತು. ಥೂ, ನಮ್ಮ ಜನ್ಮಕ್ಕ ಬೆಂಕಿ ಹಾಕ.